ಮುಗಿಯದ ಭಯಾನಕ ಕಾದಂಬರಿ, ಒಂದು ಕಾಮಿಕ್ಸ್ ಪುಟ

ಅರ್ಧಕ್ಕೆ ನಿಂತ ಭಯಾನಕ ಕಾದಂಬರಿಯನ್ನು ಲೇಖಕರೇ ಕಾಮಿಕ್ಸ್‌ಗೆ ತರುವಾಗ ಇಡೀ ಕತೆ ಬೇಕಿಲ್ಲ. ತನ್ನಷ್ಟಕ್ಕೆ ಪೂರ್ಣವಾದ ಒಂದು ಸನ್ನಿವೇಶ ಸಾಕು. ಪುಟದಲ್ಲಿ ಸಾಮಾನ್ಯವಾಗಿ ಐದಾರು ಚೌಕಟ್ಟು ಹಿಡಿಯುತ್ತವೆ. ಕತ್ತಲು, ಗಾಳಿ, ನಾಯಿಯ ಊಳು ಎಂದು ಬರೆದಿದ್ದ ವರ್ಣನೆಯೆಲ್ಲ ಚಿತ್ರದ ಪಾಲಾಗಿ, ಮಾತಿಗೆ ಉಳಿಯುವುದು ನಾಲ್ಕಾರು ಪದ. ಬರೆದವರಿಗೆ ಇದು ನೋವಿನ ಕೆಲಸ, ಆದರೂ ಮಾಡಲೇಬೇಕಾದ್ದು.

ಹೆದರಿಕೆ ಹುಟ್ಟುವುದು ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ. ಒಂದರಲ್ಲಿ ಹಾಕಿದ ಚಿಲಕ, ಮುಂದಿನದರಲ್ಲಿ ತೆರೆದ ಬಾಗಿಲು. ತೆಗೆದವರು ಯಾರೆಂದು ಓದುಗರೇ ಊಹಿಸುತ್ತಾರೆ. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ಈ ಊಹೆಗೇ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಪುಟ ಮಗುಚುವುದೂ ಒಂದು ಉಪಾಯ. ಕನ್ನಡದಲ್ಲಿ ಬಲಪುಟದ ಕೊನೆಯ ಚೌಕಟ್ಟಿನಲ್ಲಿ ಕುತೂಹಲ ಕೆರಳಿಸಿ, ಮಗುಚಿದೊಡನೆ ಎಡಪುಟದ ನೆತ್ತಿಯಲ್ಲಿ ದೆವ್ವವನ್ನು ತೋರಿಸಬೇಕು. ಬಲದಿಂದ ಎಡಕ್ಕೆ ಸಾಗುವ ಜಪಾನಿನ ಮಾಂಗಾದಲ್ಲಿ ಇದು ತಿರುವುಮುರುವು.

ಊರು ನಿಜವಾದಷ್ಟೂ ದೆವ್ವ ನಂಬುವಂತಾಗುತ್ತದೆ. ಕತೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಡೆದರೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯ, ಬಸ್ ನಿಲ್ದಾಣ ಗುರುತು ಸಿಗುವಂತಿರಬೇಕು. ಮನೆಯ ವಿಷಯದಲ್ಲೂ ಹಾಗೆಯೇ. ಯಂಡಮೂರಿ ವೀರೇಂದ್ರನಾಥರ ಭಯಾನಕ ಕಾದಂಬರಿ ‘ತುಳಸಿದಳಂ’ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಅದರ ವಾಮಾಚಾರ ಅಷ್ಟು ತಾಗಿದ್ದು ಮಗುವಿರುವ ಸಂಸಾರದ ಮನೆಯೊಳಗೆ ನುಗ್ಗಿದ್ದರಿಂದಲೇ.

ಕೊನೆಗೆ ಅಕ್ಷರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಹಾಗಾಗಿ ಮಾತಿನ ಗುಳ್ಳೆಗಳ ಜಾಗವನ್ನು ಪೆನ್ಸಿಲ್ ಕರಡಿನಲ್ಲೇ ಗುರುತಿಸಿಕೊಂಡು, ಆಮೇಲೆ ಶಾಯಿ ಹಚ್ಚುವುದು ಒಳ್ಳೆಯದು.