ಕೆಂಪು ದೀಪ

1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿ ನೋಡಿಕೊಂಡು ಕುಕನೂರಿಗೆ ಹೊರಟಿದ್ದೆವು. ಹೊತ್ತು ಮುಳುಗುವಾಗ ವ್ಯಾನು ನಿಂತಿತು. ಒಳಗೆ ಹಾಸಿಗೆ, ಸ್ಟೋವು, 78ರ ಅತ್ತೆ.

ವಾರದ ಹಿಂದಷ್ಟೇ ನಮ್ಮನೆಯವರು ಹೊಸ ಬ್ಯಾಟರಿ ಹಾಕಿಸಿದ್ದರು. ಕೆಂಪು ದೀಪ ಆರುತ್ತಿಲ್ಲವೆಂದು ಎರಡು ಸಲ ಹೇಳಿದ್ದೆ. "ನಿನಗೇನ್ ತಿಳೀತೈತಿ" ಎಂದಿದ್ದರು.

ಕುಕನೂರಿನಿಂದ ಬಂದ ಮೆಕ್ಯಾನಿಕ್ ಹುಡುಗ ವ್ಯಾನು ತಳ್ಳಿಸಿ ಚಾಲೂ ಮಾಡಿ, ಬ್ಯಾಟರಿಗೆ ಮೀಟರು ಹಚ್ಚಿದ. ಎಂಜಿನ್ನು ಓಡುವಾಗ 14 ವೋಲ್ಟಿನ ಹತ್ತಿರ ಇರಬೇಕಂತೆ. 12 ಕೂಡ ಮುಟ್ಟಲಿಲ್ಲ.

"ಬ್ಯಾಟರಿ ಗಟ್ಟಿ ಐತ್ರಿ ಅಕ್ಕೋರ. ಅದಕ್ಕ ಉಣ್ಣಾಕ ನೀಡೋರಿಲ್ಲ." ಆಲ್ಟರ್ನೇಟರಿನ ಬೆಲ್ಟು ಸಡಿಲಾಗಿತ್ತು.

ನನಗೆ ಎದೆಯಲ್ಲಿ ಚುಳ್ಳೆಂದಿತು. 2002ರಲ್ಲಿ ಬಿಸಿಯೂಟ ಬರುವ ಮುಂಚೆ, ಬರಿಹೊಟ್ಟೆಯಲ್ಲಿ ಬಂದು ತೂಕಡಿಸುತ್ತಿದ್ದ ಹುಡುಗರನ್ನು ನಾನೂ ದಡ್ಡರೆಂದು ಬೈದವಳೇ.

ಬೆಲ್ಟು ಬಿಗಿದ ಮೇಲೆ ದೀಪ ಆರಿತು. ನಮ್ಮನೆಯವರು ನನ್ನತ್ತ ನೋಡದೆ ಸ್ಟೋವು ಹಚ್ಚಿ, ಆ ಹುಡುಗನಿಗೆ ಚಹಾ ಇಟ್ಟರು.