ಬೆಂಗಳೂರಿನಲ್ಲಿ ನಮ್ಮೂರ ಹೊಳೆ

ರಜೆ ಬಂದೊಡನೆ ಪಟ್ಟಣದ ಮಕ್ಕಳನ್ನು ಅಜ್ಜಿಯ ಊರಿಗೆ ಕಳುಹಿಸುವುದು ನಮ್ಮ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹಳ್ಳಿಯ ಮಕ್ಕಳು ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆ, ಕಾವೇರಿ ಕಪಿಲೆಯರ ಸಂಗಮಕ್ಕೆ ಸಮೀಪದ ಊರು. ಇಲ್ಲಿನ ಮಕ್ಕಳಿಗೆ ಮುಡುಕುತೊರೆ ಮತ್ತು ಸುತ್ತೂರಿನ ಜಾತ್ರೆಗಳು, ನಂಜನಗೂಡಿನ ತೇರು, ಮೈಸೂರಿನ ದಸರಾ ಎಲ್ಲವೂ ಪರಿಚಿತ. ಬೆಂಗಳೂರು ಮಾತ್ರ ದೂರದರ್ಶನದಲ್ಲಿ ಕಂಡ ಊರು. ಒಂದು ದಸರಾ ರಜೆಯಲ್ಲಿ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಹಾಗೂ ಮನೆಯ ಹಿರಿಯರಾದ ಅಜ್ಜಿಯವರೊಡನೆ ನಾವು ಮೂರು ದಿನಗಳ ಬೆಂಗಳೂರು ಪ್ರವಾಸ ಕೈಗೊಂಡೆವು.

ಹೊರಡುವ ಮುನ್ನ ಎರಡು ಸಿದ್ಧತೆ ಮಾಡಿಕೊಂಡಿದ್ದೆವು. ಹೆಸರು, ಊರು, ದೂರವಾಣಿ ಸಂಖ್ಯೆ ಬರೆದ ಚೀಟಿಯೊಂದನ್ನು ಮಕ್ಕಳ ಜೇಬಿನಲ್ಲಿರಿಸಿದೆವು. ಜನಜಂಗುಳಿಯಲ್ಲಿ ಕೈತಪ್ಪಿದರೆ ಹುಡುಕುತ್ತಾ ಓಡಬಾರದು, ನಿಂತಲ್ಲಿಯೇ ನಿಲ್ಲಬೇಕೆಂದು ಮತ್ತೆ ಮತ್ತೆ ಹೇಳಿಕೊಟ್ಟೆವು.

ಸಣ್ಣ ಮಕ್ಕಳೊಡನೆ ಹೊರಟವರಿಗೆ ಬಸ್ಸಿಗಿಂತ ರೈಲು ಲೇಸು. ನರಸೀಪುರದಿಂದ ಮೈಸೂರಿಗೆ ಬಂದು ಮುಂಜಾನೆಯ ರೈಲು ಹತ್ತಿದೆವು. ಶ್ರೀರಂಗಪಟ್ಟಣದ ಆಚೀಚೆ ಕಾವೇರಿಯ ಎರಡು ಕವಲುಗಳನ್ನು ದಾಟುವಾಗ ಮಕ್ಕಳು ಕಿಟಕಿ ಬಿಟ್ಟು ಕದಲಲಿಲ್ಲ. ಬುತ್ತಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇದ್ದರೂ ಮದ್ದೂರು ಬಂದಾಗ ವಡೆ ಬೇಡವೆನ್ನಲಾಗಲಿಲ್ಲ. ಬಣ್ಣದ ಮರದ ಬೊಂಬೆಗಳ ಚನ್ನಪಟ್ಟಣ, ಬಂಡೆಬೆಟ್ಟಗಳ ರಾಮನಗರ ಹಿಂದೆ ಸರಿದು, ಬೆಂಗಳೂರು ಬಂದಿತು.

ನೋಡಿದ ಸ್ಥಳಗಳನ್ನೆಲ್ಲ ಇಲ್ಲಿ ಪಟ್ಟಿ ಮಾಡುವುದಿಲ್ಲ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವನ್ನು ಹೊರಗಿನಿಂದ ಕಂಡು ಕೈಮುಗಿದ ಅಜ್ಜಿಯವರು, ಅದರ ಹಣೆಯ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದರು. ಕಬ್ಬನ್ ಉದ್ಯಾನದ ಪಕ್ಕದಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳ ಗುಂಡಿ ಒತ್ತುತ್ತಾ ಮಕ್ಕಳು ಊಟವನ್ನೇ ಮರೆತರು. ಲಾಲ್‌ಬಾಗಿನಲ್ಲಿ ಗಾಜಿನ ಮನೆಗಿಂತ ಅವರಿಗೆ ಹಿಡಿಸಿದ್ದು ಅಲ್ಲಿನ ಬಂಡೆ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ಮೇಲೆ ಕುಳಿತು ಬುತ್ತಿ ಮುಗಿಸಿದೆವು.

ಆದರೆ ಮೆಟ್ರೋ ರೈಲು, ತಾನೇ ಏರುವ ಮೆಟ್ಟಿಲು, ಮುಗಿಲೆತ್ತರದ ಕಟ್ಟಡಗಳನ್ನು ಕಂಡ ಮಗ ಮೊದಲ ರಾತ್ರಿಯೇ, “ನಮ್ಮೂರಲ್ಲಿ ಏನೂ ಇಲ್ಲ ಅಲ್ವಾ?” ಎಂದು ಕೇಳಿದ. ಆ ಮಾತು ಮನಸ್ಸಿಗೆ ಚುಚ್ಚಿತು. ಪಟ್ಟಣವನ್ನು ತೋರಿಸಲು ಹೋಗಿ ಊರಿನ ಮೇಲಿನ ಅಭಿಮಾನವನ್ನು ಕಳೆದುಕೊಂಡು ಹಿಂದಿರುಗುವುದಾದರೆ ಪ್ರವಾಸದಿಂದ ಫಲವೇನು? ಆಗ ನಮ್ಮಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಂಜೆ ಜನ ಕಿಕ್ಕಿರಿದ ಪೇಟೆಯೊಂದರಲ್ಲಿ ಮಗ ಕಣ್ಮರೆಯಾದ. ಹತ್ತು ನಿಮಿಷ ಕಳೆದಿರಬಹುದು. ನಮಗದು ಹತ್ತು ವರ್ಷವೆನಿಸಿತು. ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದಾಗ, ನಿಂಬೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಅವನ ಕೈಹಿಡಿದು, “ಗಾಬರಿ ಆಗಬ್ಯಾಡ್ರಿ ಅಕ್ಕಾರ, ಕೂಸು ಇಲ್ಲೇ ಐತ್ರಿ” ಎಂದಳು. ಹೇಳಿಕೊಟ್ಟಂತೆ ಮಗು ನಿಂತಲ್ಲೇ ನಿಂತಿತ್ತು. ಅದರ ಕಣ್ಣೀರು ಕಂಡು ವ್ಯಾಪಾರವನ್ನೂ ಬಿಟ್ಟು ಆಕೆ ಜೊತೆಗೆ ನಿಂತಿದ್ದಳು. ಮಳೆ ಕೈಕೊಟ್ಟ ವರ್ಷ ರಾಯಚೂರಿನ ಕಡೆಯಿಂದ ಬಂದವಳಂತೆ. ಹಣ ನೀಡಹೋದರೆ ಒಲ್ಲೆನೆಂದು, “ನನಗೂ ಊರಾಗ ಇಂಥಾವೇ ಎರಡು ಅದಾವ್ರಿ” ಎಂದಳು. ಯಂತ್ರದಂತೆ ಕಂಡಿದ್ದ ಆ ನಗರಕ್ಕೆ ಅಂದು ಒಂದು ಮುಖ ಮೂಡಿತು.

ಮಗನ ಪ್ರಶ್ನೆಗೆ ಉತ್ತರ ದೊರೆತದ್ದು ಮರುದಿನ ಬೆಳಿಗ್ಗೆ, ನಾವು ಇಳಿದುಕೊಂಡಿದ್ದ ಮಕ್ಕಳ ಸೋದರತ್ತೆಯ ಮನೆಯಲ್ಲಿ. ಆ ಬಡಾವಣೆಯಲ್ಲಿ ಬೋರ್ ನೀರು ಬೇರೆ, ಕಾವೇರಿ ನೀರು ಬೇರೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅತ್ತೆ ಬಿಂದಿಗೆಗಳನ್ನು ಸಾಲಾಗಿಟ್ಟು, “ಇವತ್ತು ಕಾವೇರಿ ನೀರಿನ ಸರದಿ” ಎಂದಾಗ ಮಗಳು ಬೆರಗಾಗಿ ಕೇಳಿದಳು: “ಅತ್ತೆ, ಕಾವೇರಿ ನಮ್ಮೂರ ಹೊಳೆ ಅಲ್ವಾ? ಇಲ್ಲಿಗೆ ಹೆಂಗೆ ಬಂತು?”

ಬಂದ ಬಗೆಯನ್ನು ಮಕ್ಕಳಿಗೆ ವಿವರಿಸಿದೆವು. ನಮ್ಮ ಸಂಗಮವನ್ನು ದಾಟಿದ ಕಾವೇರಿ ಮುಡುಕುತೊರೆ, ತಲಕಾಡುಗಳನ್ನು ಹಾದು ಶಿವನಸಮುದ್ರದತ್ತ ಹರಿಯುತ್ತಾಳೆ. ಅಲ್ಲಿ ತಿರುವು ಪಡೆದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳ್ಳುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪುಗಳು ಅದನ್ನು ಮೇಲೆತ್ತುತ್ತವೆ. ಹೀಗೆ ಸುಮಾರು 500 ಮೀಟರ್ ಎತ್ತರಕ್ಕೇರಿ, ಸುಮಾರು 100 ಕಿಲೋಮೀಟರ್ ದೂರ ಸಾಗಿ ಅದು ಬೆಂಗಳೂರನ್ನು ಸೇರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂದಿತು; 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಇದಕ್ಕೂ ಮೊದಲೇ ಬೆಳಕು ಬಂದಿತ್ತು: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ನೀಡಿದ ಶಿವನಸಮುದ್ರವೇ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ಬೆಳಗಿಸಿತು.

ಎಲ್ಲವನ್ನೂ ಕೇಳುತ್ತಾ ಕುಳಿತಿದ್ದ ಅಜ್ಜಿಯವರು ಆ ನೀರನ್ನೇ ತುಂಬಿಕೊಂಡು ಇಷ್ಟಲಿಂಗದ ಮಜ್ಜನಕ್ಕೆ ಅಣಿಯಾಗುತ್ತಾ, “ನಾವು ಮೊನ್ನೆ ಬಂದೋ ಮಗ, ನಮ್ಮ ಹೊಳೆ ನಮಗಿಂತ ಮುಂಚೇನೆ ಬಂದು ಕೂತದೆ” ಎಂದರು. ಮಗ ಎದ್ದುಹೋಗಿ, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದ. ನಾವು ಹೇಳಬೇಕಾದುದು ಬೇರೇನೂ ಉಳಿಯಲಿಲ್ಲ.

ಹಳ್ಳಿಯಲ್ಲಿರುವ ಬಂಧುಗಳು ಅನುಕೂಲವಿದ್ದಾಗ ಮಕ್ಕಳನ್ನು ಒಮ್ಮೆಯಾದರೂ ದೊಡ್ಡ ಪಟ್ಟಣಕ್ಕೆ ಕರೆದೊಯ್ಯಬೇಕು. ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ತೋರಿಸುವ ಆತುರ ಬೇಡ. ಎಳೆಯ ಕಾಲುಗಳು ದಣಿದರೆ ಕಣ್ಣು ಏನನ್ನೂ ಕಾಣದು. ಕಟ್ಟಡಗಳ ಜೊತೆಗೆ ಅವುಗಳ ಹಿಂದಿರುವ ಕಾಯಕವನ್ನೂ ತೋರಿಸಿ: ತರಕಾರಿ ಯಾವ ಹೊಲದಿಂದ ಬಂದಿತು, ನೀರು ಯಾವ ಹೊಳೆಯದು, ಮಾರುವ ತಾಯಿ ಯಾವ ಊರಿನವಳು ಎಂದು ಅವರೇ ಕೇಳಲಿ. ಹಾಗೆ ಕೇಳಿ ತಿಳಿದ ಮಗು ಪಟ್ಟಣಕ್ಕೆ ಅಂಜುವುದಿಲ್ಲ, ತನ್ನ ಊರನ್ನು ಕೀಳೆಂದು ಎಣಿಸುವುದೂ ಇಲ್ಲ. ಸಂಗಮದಲ್ಲಿ ನಾವು ಎಸೆದ ಕಸ ಯಾರದೋ ಮನೆಯ ಬಿಂದಿಗೆಯತ್ತ ಸಾಗುತ್ತದೆ, ಪಟ್ಟಣದ ನಲ್ಲಿಯಲ್ಲಿ ಸೋರಿದ ನೀರು ಯಾರದೋ ಊರಿನ ಹೊಳೆಯದು ಎಂಬ ಅರಿವು ಎರಡೂ ಕಡೆಯ ಮಕ್ಕಳಲ್ಲಿ ಮೂಡಲಿ.