ಎರಡು ಓಟಗಳ ನಡುವೆ

ಅಹಮದಾಬಾದಿನ ಪಶ್ಚಿಮ ಭಾಗದ ಮೈದಾನವೊಂದರಲ್ಲಿ ನಾನು ಕಂಡ ಮೊದಲ ಓಟ ನಾಲ್ಕೂವರೆ ಸೆಕೆಂಡಿನಲ್ಲಿ ಮುಗಿದುಹೋಯಿತು. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಬೆಳಗಿನ ಏಳಾದರೂ ಸೂರ್ಯ ಕಂಡಿರಲಿಲ್ಲ. ಹುಡುಗ ಹುಡುಗಿಯರು ಸ್ವೆಟರ್ ಬಿಚ್ಚಿ ಬೇಲಿಯ ಮೇಲೆ ಹಾಕಿ ಸಾಲಾಗಿ ನಿಂತಿದ್ದರು. ಕೋಚ್ ಚಪ್ಪಾಳೆ ತಟ್ಟಿದ್ದೇ ತಡ, ಕೊನೆಯ ಲೇನಿನಲ್ಲಿದ್ದ ಉದ್ದ ಜಡೆಯ ಹುಡುಗಿ ಮೂವತ್ತು ಮೀಟರ್ ಆಚೆಯ ಕಿತ್ತಳೆ ಬಣ್ಣದ ಕೋನ್ ದಾಟಿಬಿಟ್ಟಿದ್ದಳು. ಆಮೇಲೆ ನಿಧಾನವಾಗಿ ನಡೆದು ಬಂದಳು, ಗೆಳತಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತಳು, ಸ್ಪೈಕ್ಸ್ ಲೇಸ್ ಸಡಿಲಿಸಿದಳು, ಯಾವುದೋ ಮಾತಿಗೆ ನಕ್ಕಳು. ಮೂರು ನಿಮಿಷ ಕಳೆದ ಮೇಲೆ ಮತ್ತೆ ಎದ್ದು ನಿಂತಳು.

ನನ್ನ ಜೊತೆಗಿದ್ದವರು ಧಾರವಾಡದ ನಿವೃತ್ತ ಪಿ.ಟಿ. ಮಾಸ್ತರರು. ಗುಜರಾತಿನ ಓಟದ ಮಕ್ಕಳನ್ನು ಚಳಿಗಾಲದಲ್ಲೇ ನೋಡಬೇಕು, ಮೀಟ್ ಶುರುವಾದ ಮೇಲೆ ಹೋದರೆ ಏನೂ ಸಿಗುವುದಿಲ್ಲ ಎಂದು ನನ್ನನ್ನು ಹೊರಡಿಸಿಕೊಂಡು ಬಂದವರು ಅವರೇ. ತಮ್ಮ ಗಡಿಯಾರ ನೋಡಿಕೊಂಡು ಮೆಲ್ಲಗೆ ಹೇಳಿದರು: ‘ನೋಡ್ರಿ, ಹುಡುಗರನ್ನ ಓಡಸಾಕ ಯಾರಿಗರೆ ಬರತೈತಿ. ನಿಲ್ಲಸಾಕ ಬರಬೇಕು. ಇಂವಗ ಬರತೈತಿ.’

ಅಂದಿನಿಂದ ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳಲ್ಲಿ ನನ್ನ ಕಣ್ಣು ಓಟಕ್ಕಿಂತ ಹೆಚ್ಚಾಗಿ ಈ ಬಿಡುವಿನ ಮೇಲೆಯೇ ನೆಟ್ಟಿತು.

ನಮ್ಮ ದೇಶದಲ್ಲಿ ಅಥ್ಲೆಟಿಕ್ಸಿನ ದೊಡ್ಡ ಕೂಟಗಳು ಫೆಬ್ರವರಿ ಮಾರ್ಚಿನ ಹೊತ್ತಿಗೆ ಚುರುಕಾಗುತ್ತವೆ. ಅದಕ್ಕೆ ಮುಂಚಿನ ಮೂರು ನಾಲ್ಕು ತಿಂಗಳಲ್ಲಿ ಮೈ ಕಟ್ಟಬೇಕು. ಮಳೆಗಾಲ ಮುಗಿದ ಮೇಲೆ ಮೊದಲು ಹುಲ್ಲಿನ ಮೇಲೆ ಸಲೀಸಾದ ಓಟ. ಪೂರ್ತಿ ವೇಗದ ಮುಕ್ಕಾಲು ಪಾಲು ಹಾಕಿ ನೂರು ಮೀಟರ್ ಓಡುವುದು, ನಡೆದುಕೊಂಡು ವಾಪಸ್ ಬರುವುದು, ಮತ್ತೆ ಓಡುವುದು. ಜೊತೆಗೆ ಮೆಟ್ಟಿಲು ಹತ್ತುವುದು, ಮೆಡಿಸಿನ್ ಬಾಲ್ ಎಸೆಯುವುದು, ಬಸ್ಕಿ, ದಂಡ. ನಂತರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಳೆಯ ಟೈರ್ ಎಳೆಯುವುದು. ಕಟ್ಟಕಡೆಗೆ ಸ್ಪೈಕ್ಸ್ ಮತ್ತು ಸ್ಟಾರ್ಟಿಂಗ್ ಬ್ಲಾಕ್. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮುನ್ನದ ಗಳಿಗೆಯಲ್ಲಿ ಅತಿ ಹೆಚ್ಚು ಜಗ್ಗುತ್ತದೆ. ಸ್ಪ್ರಿಂಟರುಗಳ ಎಷ್ಟೋ ಸೀಸನ್ ಅಲ್ಲೇ ಹರಿದು ಹಾಳಾಗುತ್ತದೆ. ಅದಕ್ಕಾಗಿ ಒಬ್ಬರು ಮಂಡಿಯೂರಿ ನಿಂತು ಮೈ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾರೆ, ಇನ್ನೊಬ್ಬರು ಹಿಂದೆ ಕೂತು ಅವರ ಹಿಮ್ಮಡಿ ಹಿಡಿದಿರುತ್ತಾರೆ. ಹಿಡಿದವರು ಕೈಬಿಟ್ಟರೆ ಮುಂದಿನವರು ಮುಖ ಅಡಿಯಾಗಿ ಬೀಳುತ್ತಾರೆ. ಬಯಲಿನಲ್ಲಿ ಈ ವ್ಯಾಯಾಮ ಒಬ್ಬರೇ ಮಾಡಲು ಬರುವಂಥದ್ದಲ್ಲ. ಇಡೀ ಮೈದಾನದಲ್ಲಿ ಜೋಡಿ ಜೋಡಿಯಾಗಿ ಮಕ್ಕಳು ಒಬ್ಬರ ಕಾಲನ್ನು ಒಬ್ಬರು ಹಿಡಿದು ಕೂತಿದ್ದ ಆ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಿಡುವಿನ ಲೆಕ್ಕ ಆ ಮಕ್ಕಳ ಬಾಯಲ್ಲೇ ಇತ್ತು. ಪೂರ್ತಿ ವೇಗದ ಓಟವಾದರೆ ಹತ್ತು ಮೀಟರಿಗೆ ಒಂದು ನಿಮಿಷ. ಮೂವತ್ತು ಮೀಟರಿಗೆ ಮೂರು, ಅರವತ್ತಕ್ಕೆ ಆರು. ಸ್ನಾಯುವಿನೊಳಗೆ ಕೂಡಲೇ ಉರಿಯುವ ಇಂಧನ ಕೆಲವೇ ಸೆಕೆಂಡಿನದ್ದು. ಫಾಸ್ಫೋಕ್ರಿಯಾಟಿನ್ ಎಂಬ ಆ ದಾಸ್ತಾನು ಬಹುಪಾಲು ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಅದು ತುಂಬುವ ಮೊದಲೇ ಓಡಿಸಿದರೆ ಮಕ್ಕಳು ದಣಿವನ್ನು ಕಲಿಯುತ್ತಾರೆ, ವೇಗವನ್ನಲ್ಲ. ಹಾಗಾಗಿ ಎರಡು ಗಂಟೆಯ ಪ್ರಾಕ್ಟೀಸಿನಲ್ಲಿ ಒಬ್ಬ ಸ್ಪ್ರಿಂಟರ್ ಪೂರ್ತಿ ಬಲ ಹಾಕಿ ಓಡುವುದು ಎಲ್ಲ ಕೂಡಿದರೂ ಒಂದೆರಡು ನಿಮಿಷ. ಮಿಕ್ಕಿದ್ದೆಲ್ಲ ಜೊತೆಯಲ್ಲಿ ಕಾಯುವುದು. ಆ ಕಾಯುವಿಕೆಯಲ್ಲೇ ಅಲ್ಲಿ ಎಲ್ಲವೂ ನಡೆಯುತ್ತಿತ್ತು. ಒಬ್ಬಳು ಗೆಳತಿಯ ಜಡೆಯನ್ನು ಬಿಗಿಯಾಗಿ ಮೇಲಕ್ಕೆ ಕಟ್ಟಿದಳು. ಹತ್ತನೇ ತರಗತಿಯ ಹುಡುಗನಿಗೆ ದೊಡ್ಡವನೊಬ್ಬ ಗಣಿತದ ಲೆಕ್ಕ ಹೇಳಿಕೊಡುತ್ತಿದ್ದ. ಮೀನಖಂಡ ಸೆಡೆತು ಕೂತವನ ಪಾದವನ್ನು ಇನ್ನೊಬ್ಬ ತನ್ನ ಎದೆಗೊತ್ತಿ ಹಿಡಿದು ಬೆರಳುಗಳನ್ನು ಹಿಂದಕ್ಕೆ ಒತ್ತಿದ, ನೋವು ಇಳಿಯುವ ತನಕ ಬಿಡಲಿಲ್ಲ.

ಸಂಕ್ರಾಂತಿಯನ್ನು ಗುಜರಾತಿಗಳು ಉತ್ತರಾಯಣ ಎನ್ನುತ್ತಾರೆ. ಆಗ ಇಡೀ ಊರು ಮಾಳಿಗೆಯ ಮೇಲಿರುತ್ತದೆ. ಹಬ್ಬ ಮುಗಿದರೂ ಗಾಳಿಪಟ ಮುಗಿದಿರಲಿಲ್ಲ. ಬೇವಿನ ಮರಗಳ ತುಂಬ ಹರಿದ ಪಟಗಳು, ಗುಲಾಬಿ ಬಣ್ಣದ ಮಾಂಜಾ ದಾರ. ಗಾಜಿನ ಪುಡಿ ಸವರಿದ ಆ ದಾರ ಕುತ್ತಿಗೆಯ ಎತ್ತರದಲ್ಲಿ ಅಡ್ಡ ಸಿಕ್ಕರೆ ಓಡುವವರ ಗತಿ ಏನು! ಅದಕ್ಕೇ ಪ್ರಾಕ್ಟೀಸಿಗೆ ಮುಂಚೆ ಇಬ್ಬರು ಹುಡುಗರು ಕೋಲು ಹಿಡಿದು ಟ್ರ್ಯಾಕಿನ ಸುತ್ತ ನಡೆದು ದಾರ ಸುತ್ತಿ ತೆಗೆಯುತ್ತಿದ್ದರು. ಅವತ್ತು ಕೊನೆಯ ಓಟವೂ ಮುಗಿದು ಎಲ್ಲರೂ ನೆಲಕ್ಕೊರಗಿದ್ದಾಗ ಎಲ್ಲಿಂದಲೋ ದಾರ ಕಡಿದ ಹಳದಿ ಪಟವೊಂದು ತೇಲಿ ಬಂತು. ಕಾಲು ಎತ್ತಲಾರೆ ಅನ್ನುತ್ತಿದ್ದವರೆಲ್ಲ ಒಮ್ಮೆಲೇ ಎದ್ದು ಕಿರುಚುತ್ತ ಅದರ ಹಿಂದೆ ಓಡಿದರು. ಕೋಚ್ ಬೈಯುತ್ತಲೇ ಸ್ಟಾಪ್‌ವಾಚ್ ಒತ್ತಿದರು. ಆ ದಿನದ ಅತ್ಯಂತ ಚೆಂದದ ಓಟ ಅದು.

ಸಂಜೆ ಗಾಂಧಿನಗರದ ಕಡೆ ಹೋಗಿ ಸಾಬರಮತಿಯ ದಂಡೆಯ ಐಐಟಿ ಆವರಣದ ಟ್ರ್ಯಾಕ್ ನೋಡಿದೆವು. 2022ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ಗುಜರಾತಿನ ಆರು ನಗರಗಳಲ್ಲಿ 36ನೇ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಅಥ್ಲೆಟಿಕ್ಸ್ ಇಲ್ಲೇ ಆಗಿದ್ದು. ಅಸ್ಸಾಮಿನ ಆಮ್ಲಾನ್ ಬೊರ್ಗೊಹೈನ್ 100 ಮತ್ತು 200 ಮೀಟರ್ ಎರಡನ್ನೂ ಗೆದ್ದದ್ದು, ಆಂಧ್ರದ ಜ್ಯೋತಿ ಯರ‍್ರಾಜಿ ಹರ್ಡಲ್ಸ್ ಜೊತೆಗೆ 100 ಮೀಟರ್ ಓಟವನ್ನೂ ಗೆದ್ದದ್ದು ಈ ಲೇನುಗಳಲ್ಲಿ. 2030ರ ಶತಮಾನೋತ್ಸವದ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬರುವುದು ನಿಶ್ಚಯವಾಗಿದೆ. ಬೆಳಿಗ್ಗೆ ಗಣಿತದ ಲೆಕ್ಕ ಕೇಳುತ್ತಿದ್ದ ಹುಡುಗನಿಗೆ ಆಗ ಇಪ್ಪತ್ತು ದಾಟಿರುತ್ತದೆ. ಊರಿನ ಮಕ್ಕಳಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಆ ಖಾಲಿ ಟ್ರ್ಯಾಕಿನ ಪಕ್ಕ ನಿಂತಾಗ ಮೈ ಜುಮ್ಮೆಂದಿತು.

ಅಲ್ಲಿಂದ ದಕ್ಷಿಣಕ್ಕೆ ರೈಲು. ನಡಿಯಾದ್, ಆಣಂದ್, ಮಹೀ ನದಿ, ವಡೋದರ. ಈ ದಾರಿಯಲ್ಲಿ ಕನ್ನಡಿಗರಿಗೆ ಒಬ್ಬರು ನೆನಪಾಗಲೇಬೇಕು. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ದಾಂಡಿಗೆ ಹೊರಟ ಗಾಂಧೀಜಿಯ ತಂಡದಲ್ಲಿ ಕನ್ನಡನಾಡಿನಿಂದ ಇದ್ದವರು ಮೋಟೆಬೆನ್ನೂರಿನ ಮೈಲಾರ ಮಹಾದೇವ ಒಬ್ಬರೇ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಡಿಯಾದ್, ಆಣಂದ್, ಭರೂಚ್, ಸೂರತ್ ಮೂಲಕ ಸುಮಾರು 385 ಕಿಲೋಮೀಟರನ್ನು 24 ದಿನಗಳಲ್ಲಿ ನಡೆದ ಆ ತಂಡಕ್ಕೆ ಸೋಮವಾರ ನಡಿಗೆಯಿಂದ ಬಿಡುವಿತ್ತು. ಆಣಂದ್ ನಿಲ್ದಾಣದಲ್ಲಿ ಮಾಸ್ತರರು ಕಿಟಕಿಯಾಚೆ ನೋಡುತ್ತ ಕೂತರು. ಹಾವೇರಿ ಸೀಮೆಯ ಶಾಲೆಯೊಂದರಲ್ಲಿ ಕೆಲಸ ಮಾಡಿದವರು ಅವರು. 1943ರಲ್ಲಿ ಮೈಲಾರ ಮಹಾದೇವ ಗುಂಡೇಟಿಗೆ ಬಲಿಯಾದ ಹೊಸರಿತ್ತಿಗೆ ಮಕ್ಕಳನ್ನು ಓಡಿಸಿಕೊಂಡೇ ಕರೆದೊಯ್ದದ್ದುಂಟಂತೆ.

ವಡೋದರದಲ್ಲಿ ನಾವು ಮೊದಲು ಹುಡುಕಿಕೊಂಡು ಹೋದದ್ದು ಜುಮ್ಮಾದಾದಾ ವ್ಯಾಯಾಮ ಮಂದಿರ. ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾಗಿ ಪ್ರೊಫೆಸರ್ ಮಾಣಿಕ್‌ರಾವ್ ಅವರ ಕೈಯಲ್ಲಿ ಬೆಳೆದ ಗರಡಿ. ಹರಳೆಣ್ಣೆ ಕುಡಿದು ಕರ‍್ರಗಾದ ಮಲ್ಲಕಂಬ, ಗೋಡೆಗೆ ಸಾಲಾಗಿ ನಿಲ್ಲಿಸಿದ ಜೋಡಿಗಳು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಲೇ ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಅವರನ್ನು ಓದಿ ಬೆಳೆದವರಿಗೆ ಇಂಥ ಜಾಗಕ್ಕೆ ಕಾಲಿಟ್ಟರೆ ಮನೆಗೆ ಬಂದ ಹಾಗಾಗುತ್ತದೆ.

ನಗರದ ಮೈದಾನವೊಂದರಲ್ಲಿ ಮಾರನೆಯ ದಿನ ಕಂಡ ಮಕ್ಕಳು ಅದೇ ದಂಡ, ಅದೇ ಬಸ್ಕಿಯನ್ನು ಹೊಸ ಹೆಸರುಗಳಲ್ಲಿ ಮಾಡುತ್ತಿದ್ದರು. ಅವತ್ತಿನದು ಕಠಿಣವಾದ ಪಾಠ: 400 ಮೀಟರಿನವರಿಗೆ 300ರ ಓಟಗಳು. ಇಲ್ಲಿ ಬಿಡುವು ಬೇರೆ ಥರ. ಮೂರನೆಯದನ್ನು ಮುಗಿಸಿ ಬಂದ ಹುಡುಗನಿಗೆ ತೊಡೆ ಕಲ್ಲಾಗಿತ್ತು. ಬೇಲಿ ಹಿಡಿದು ವಾಂತಿ ಮಾಡಿಕೊಂಡ. ಯಾರೂ ಗಾಬರಿಯಾಗಲಿಲ್ಲ, ಯಾರೂ ನಗಲಿಲ್ಲ. ಒಬ್ಬ ನೀರು ತಂದ, ಒಬ್ಬ ಅವನ ಹೆಗಲಿಗೆ ಹೆಗಲು ಕೊಟ್ಟು ನಡೆಸಿದ. ಕೂತರೆ ಕಾಲು ಇನ್ನಷ್ಟು ಬಿಗಿಯುತ್ತದೆ ಎಂದು ಅವರಿಗೆ ಗೊತ್ತು. ನಾಲ್ಕನೆಯ ಓಟಕ್ಕೆ ಅವನು ಲೇನಿಗೆ ಬಂದಾಗ, ತನ್ನ ಪಾಲು ಮುಗಿಸಿದ್ದ ಗೆಳೆಯನೂ ಸುಮ್ಮನೆ ಪಕ್ಕದ ಲೇನಿನಲ್ಲಿ ಬಂದು ನಿಂತ. ಕೋಚ್ ಬೇಡ ಎಂದರೂ ಕೇಳದೆ ನೂರು ಮೀಟರಿನ ತನಕ ಜೊತೆಗೆ ಓಡಿ ತಿರುವಿನಲ್ಲಿ ಹಿಂದುಳಿದ. ನನ್ನ ಕಣ್ಣು ತುಂಬಿ ಬಂದದ್ದು ಅಲ್ಲಿ.

ಭರೂಚ್ ಕಳೆದು, ನರ್ಮದೆ ದಾಟಿ, ತಾಪಿಯ ಸೇತುವೆ ಬಂದರೆ ಸೂರತ್. ಊರಿನ ನೈಋತ್ಯಕ್ಕೆ ಡುಮಸ್ ಕಡಲತೀರ. ಮರಳು ಕಪ್ಪು, ಇಳಿತದ ಹೊತ್ತಿಗೆ ಸಮುದ್ರ ಬಹುದೂರ ಹಿಂದೆ ಸರಿಯುತ್ತದೆ. ಆ ಒದ್ದೆ ಕರಿಮರಳಿನ ಮೇಲೆ ಬರಿಗಾಲಿನಲ್ಲಿ ಹತ್ತಾರು ಹುಡುಗಿಯರು ಮಂಡಿ ಎತ್ತಿ ಎತ್ತಿ ಕುಪ್ಪಳಿಸುತ್ತಿದ್ದರು. ಮರಳು ಪಾದದ ಒತ್ತನ್ನು ನುಂಗುತ್ತದೆ, ಹಿಂದಿರುಗಿಸುವುದಿಲ್ಲ. ಅದಕ್ಕೆ ಪಾದವೂ ಮೀನಖಂಡವೂ ಇನ್ನಷ್ಟು ದುಡಿಯಬೇಕು. ಅವರಲ್ಲಿ ಕೆಲವರು ಡಾಂಗ್ ಜಿಲ್ಲೆಯ ಕಾಡಿನಿಂದ ಬಂದು ಹಾಸ್ಟೆಲಿನಲ್ಲಿದ್ದವರು. ಊರಲ್ಲಿ ಏನು ತಿನ್ನುತ್ತಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದೆ. ‘ನಾಗಲಿ ರೋಟ್ಲೊ, ಬೆನ್’ ಎಂದಳು ಒಬ್ಬಳು. ನಾಗಲಿ ಎಂದರೆ ನಮ್ಮ ರಾಗಿ! ಮುದ್ದೆಯ ನಾಡಿನವಳಾದ ನನಗೆ ಅವಳನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು.

ಆ ಹುಡುಗಿಯರ ಬಾಯಲ್ಲಿ ಸದಾ ಇದ್ದ ಹೆಸರು ಸರಿತಾಬೆನ್. ಡಾಂಗ್‌ನ ಕರಾಡಿಆಂಬಾ ಹಳ್ಳಿಯ ಸರಿತಾ ಗಾಯಕವಾಡ್ ಮೊದಲು ಖೋಖೋ ಆಡುತ್ತಿದ್ದವರು. ಖೋಖೋ ಅಂಕಣದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆನ್ನಿಗೆ ‘ಖೋ’ ಬಿದ್ದ ಕೂಡಲೇ ಚಿಮ್ಮಿ ಏಳುವುದಕ್ಕಿಂತ ಒಳ್ಳೆಯ ಸ್ಟಾರ್ಟ್ ಪಾಠ ಯಾವ ಬ್ಲಾಕ್ ಕೊಟ್ಟೀತು! 2018ರ ಆಗಸ್ಟ್ 30, ಜಕಾರ್ತಾ ಏಷ್ಯನ್ ಗೇಮ್ಸ್, ಮಹಿಳೆಯರ 4×400 ರಿಲೇ. ಹಿಮಾ ದಾಸ್ ಮೊದಲ ಸುತ್ತು ಓಡಿ ಬೇಟನ್ನನ್ನು ಎಂ.ಆರ್. ಪೂವಮ್ಮ ಅವರಿಗೆ ಕೊಟ್ಟರು. ಕೊಡಗಿನ ಗೋಣಿಕೊಪ್ಪದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಓಡಿ ಬೆಳೆದ ಪೂವಮ್ಮ ತಮ್ಮ ಸುತ್ತು ಮುಗಿಸಿ ಅದನ್ನು ಇಟ್ಟದ್ದು ಡಾಂಗ್‌ನ ಸರಿತಾ ಅವರ ಕೈಯಲ್ಲಿ. ಸರಿತಾ ಕೇರಳದ ವಿ.ಕೆ. ವಿಸ್ಮಯಾಗೆ ದಾಟಿಸಿದರು. 3 ನಿಮಿಷ 28.72 ಸೆಕೆಂಡು, ಚಿನ್ನ. 2002ರಿಂದ ಈ ಓಟದಲ್ಲಿ ಭಾರತಕ್ಕೆ ಸತತ ಐದನೆಯ ಚಿನ್ನ. ಈ ಚಿನ್ನದ ಕಥೆ ಇನ್ನೂ ಹಳೆಯದು: 1986ರ ಸೋಲ್ ಏಷ್ಯಾಡಿನಲ್ಲಿ ಉಷಾ, ಶೈನಿ, ವಲ್ಸಮ್ಮ ಅವರೊಂದಿಗೆ ಓಡಿ ಗೆದ್ದವರು ನಮ್ಮ ಹೊನ್ನಾವರದ ವಂದನಾ ರಾವ್.

‘ಪೂವಮ್ಮ ನಮ್ಮ ಕಡೆಯವರು’ ಎಂದೆ. ಹುಡುಗಿಯರು ನನ್ನ ಸುತ್ತ ನೆರೆದುಬಿಟ್ಟರು. ಅವರು ಎಷ್ಟು ಎತ್ತರ, ಏನು ತಿನ್ನುತ್ತಾರೆ, ಸರಿತಾಬೆನ್‌ಗೆ ಬೇಟನ್ ಕೊಡುವಾಗ ಏನು ಕೂಗಿದರು?

ಮಾಸ್ತರರು ಮರಳಲ್ಲೇ ಪಾಠ ಶುರು ಮಾಡಿದರು. 4×100ರಲ್ಲಾದರೆ ತೆಗೆದುಕೊಳ್ಳುವವಳು ಹಿಂದೆ ತಿರುಗುವುದಿಲ್ಲ. ಪಾದ ಅಳೆದು ಗುರುತು ಹಾಕಿಟ್ಟಿರುತ್ತಾಳೆ. ಗೆಳತಿ ಆ ಗುರುತು ದಾಟಿದ್ದೇ ತಾನು ಓಟ ಕಿತ್ತು, ಕೂಗು ಕೇಳಿದಾಗ ಕೈ ಹಿಂದಕ್ಕೆ ಚಾಚುತ್ತಾಳೆ. 4×400ರಲ್ಲಿ ಹಾಗಲ್ಲ. ಬರುವವಳು ಸೋತು ಬರುತ್ತಾಳೆ, ಕಾಲು ಅವಳ ಮಾತು ಕೇಳುತ್ತಿರುವುದಿಲ್ಲ. ಅದಕ್ಕೇ ನಿಂತವಳು ತಿರುಗಿ ಅವಳನ್ನೇ ನೋಡುತ್ತ, ಅವಳಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತ, ಇಪ್ಪತ್ತು ಮೀಟರ್ ವಲಯದೊಳಗೆ ಬೇಟನ್ನನ್ನು ತಾನೇ ಕೈಯಿಂದ ಕಿತ್ತುಕೊಳ್ಳಬೇಕು. ಒಬ್ಬಳ ದಣಿವನ್ನು ಇನ್ನೊಬ್ಬಳು ಅಷ್ಟು ಚೆನ್ನಾಗಿ ಓದಲು ಎಲ್ಲಿ ಕಲಿಯುತ್ತಾಳೆ? ಅಹಮದಾಬಾದಿನಲ್ಲಿ, ವಡೋದರದಲ್ಲಿ ನಾನು ನೋಡಿದ ಆ ಮೂರು ನಿಮಿಷ, ಆರು ನಿಮಿಷಗಳಲ್ಲಿ. ಗೆಳತಿಯ ಉಸಿರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ಕಾಲು ಮೊದಲು ಬಿಗಿಯುತ್ತದೆ ಎಂಬುದೆಲ್ಲ ಅಲ್ಲೇ ಕೂತು ಕಂಡುಕೊಂಡಿರುತ್ತಾಳೆ.

ಸಂಜೆ ಆ ಹುಡುಗಿಯರ ಕೋಚ್ ನಮ್ಮನ್ನು ಪೋಂಕ್ ತಿನ್ನಲು ಕರೆದೊಯ್ದರು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಹಸಿರು ಕಾಳು. ಮೇಲೆ ಲಿಂಬೆರಸದ ಸೇವು. ‘ನಮ್ಮ ಸೀತನಿನ ಐತ್ರಿ ಇದು!’ ಎಂದು ಮಾಸ್ತರರು ಮಗುವಿನಂತೆ ಹಿಗ್ಗಿದರು. ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತ, ತಮ್ಮ ಹರಕು ಹಿಂದಿಯಲ್ಲೇ ಕೋಚ್ ಜೊತೆ ವಾದಕ್ಕೆ ಬಿದ್ದರು. ಅರವತ್ತು ಮೀಟರಿಗೆ ಆರು ನಿಮಿಷ ಸರಿ, ಆದರೆ ಹದಿನಾಲ್ಕರ ಹುಡುಗಿಯರಿಗೂ ಅಷ್ಟು ಬೇಕೇ? ನಾಲ್ಕು ಸಾಲದೇ? ಕೋಚ್ ತಲೆ ಅಲ್ಲಾಡಿಸಿ ಕಾಗದದ ತಟ್ಟೆಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಮಾಸ್ತರರು ಅದನ್ನು ತಿರುಗಿಸಿ ತಮ್ಮ ಲೆಕ್ಕ ಬರೆದರು. ಅಂಗಡಿಯವನು ಬಾಗಿಲು ಹಾಕುವ ಹೊತ್ತಾಯಿತೆಂದು ಹೇಳುವ ತನಕವೂ ಅದು ಇತ್ಯರ್ಥವಾಗಲಿಲ್ಲ. ಕೊನೆಗೆ ಮರುದಿನ ಬೆಳಿಗ್ಗೆ ಎರಡು ಗುಂಪು ಮಾಡಿ ಓಡಿಸಿ ನೋಡುವುದೆಂದು ಇಬ್ಬರೂ ಒಪ್ಪಿ ಎದ್ದರು.